ಕೇಳದೆ ಹೇಳಿದ ಭವಿಷ್ಯ

ಜ್ಯೋತಿಷದ ಮಾತು ಬಂದಾಗಲೆಲ್ಲ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದೇ ಗಂಟಾಗಿಬಿಡುತ್ತವೆ. ಗ್ರಹಗಳನ್ನು ನೋಡಿ ಮುಂದಾಗುವುದನ್ನು ಹೇಳಬಹುದೇ ಎನ್ನುವುದು ಒಂದು. ಹೇಳಬಹುದು ಎಂದೇ ಇಟ್ಟುಕೊಂಡರೂ, ಅದನ್ನು ತಿಳಿದವರಿಗೆ ಒಳಿತಾಗುತ್ತದೆಯೇ ಎನ್ನುವುದು ಇನ್ನೊಂದು. ನಂಬುವವರೂ ನಂಬದವರೂ ಮೊದಲನೆಯದಕ್ಕೇ ಗಂಟಲು ಹರಿದುಕೊಳ್ಳುತ್ತಾರೆ. ಎರಡನೆಯದು ಮೂಲೆಗೆ ಬಿದ್ದಿದೆ. ಆದರೆ ಜಾತಕ ಹಿಡಿದು ಹೋಗುವ ಮನುಷ್ಯನ ಎದೆಯಲ್ಲಿ ಕುದಿಯುತ್ತಿರುವುದು ಎರಡನೆಯದೇ, ಮತ್ತು ಅದಕ್ಕೆ ಉದ್ದವಾದ ಇತಿಹಾಸವೂ ಇದೆ.

ಕ್ರಿ.ಪೂ. 44ರಲ್ಲಿ, ಜೂಲಿಯಸ್ ಸೀಸರನ ಕೊಲೆಯ ಬೆನ್ನಲ್ಲೇ, ರೋಮ್‌ನ ವಾಗ್ಮಿ ಮತ್ತು ರಾಜಕಾರಣಿ ಸಿಸೆರೊ ಭವಿಷ್ಯವಾಣಿಯ ಕುರಿತ ತನ್ನ ಗ್ರಂಥವನ್ನು ಮುಗಿಸಿದ. ಅವನು ಹೊರಗೆ ನಿಂತು ಟೀಕಿಸಿದವನಲ್ಲ. ಹಕ್ಕಿಗಳ ಹಾರಾಟ ನೋಡಿ ಶಕುನ ಹೇಳುವ ಅಧಿಕೃತ ಮಂಡಳಿಯಲ್ಲಿ ಅವನಿಗೂ ಸ್ಥಾನವಿತ್ತು. ಅವನ ಪ್ರಶ್ನೆ ಇಷ್ಟೇ. ಐಶ್ವರ್ಯದ ತುತ್ತತುದಿಯಲ್ಲಿದ್ದ ರೋಮಿನ ಸೇನಾನಿ ಕ್ರಾಸಸ್‌ಗೆ, ಯೂಫ್ರಟಿಸ್ ನದಿಯಾಚೆ ಮಗನನ್ನೂ ಸೈನ್ಯವನ್ನೂ ಕಳೆದುಕೊಂಡು ಅವಮಾನದ ಸಾವು ಕಾದಿದೆ ಎಂದು ಮೊದಲೇ ಗೊತ್ತಾಗಿದ್ದರೆ ಏನು ಲಾಭವಿತ್ತು? ತನ್ನದೇ ಸೆನೆಟಿನ ನಡುವೆ, ತಾನು ಸೋಲಿಸಿದ್ದ ಎದುರಾಳಿ ಪಾಂಪಿಯ ಪ್ರತಿಮೆಯ ಎದುರಿನಲ್ಲೇ ಇರಿತ ಬೀಳುತ್ತದೆ ಎಂಬುದು ತಿಳಿದಿದ್ದರೆ ಸೀಸರ್ ಎಂಥ ಸಂಕಟದಲ್ಲಿ ದಿನ ದೂಡಬೇಕಿತ್ತು? ವಿಧಿ ಬದಲಾಗದು ಎಂದಾದರೆ ತಿಳಿದು ಫಲವಿಲ್ಲ. ಬದಲಾಗುತ್ತದೆ ಎಂದಾದರೆ ಹೇಳಿದ್ದು ಭವಿಷ್ಯವೇ ಅಲ್ಲ.

ಸುಮಾರು ಇನ್ನೂರು ವರ್ಷಗಳ ನಂತರ ಅಲೆಕ್ಸಾಂಡ್ರಿಯಾದ ಖಗೋಳಜ್ಞ ಟಾಲೆಮಿ ಇದಕ್ಕೆ ಎದುರು ವಾದ ಹೂಡಿದ. ತಪ್ಪಿಸಲಾಗದ್ದೇ ಆದರೂ ಮೊದಲೇ ತಿಳಿದಿದ್ದರೆ ಮನಸ್ಸು ಒಗ್ಗಿಕೊಳ್ಳುತ್ತದೆ, ಬಂದದ್ದನ್ನು ಸಮಾಧಾನದಿಂದ ಎದುರುಗೊಳ್ಳುತ್ತದೆ. ಇನ್ನು ತಪ್ಪಿಸಬಹುದಾದ್ದನ್ನು ವೈದ್ಯರು ರೋಗವನ್ನು ತಡೆಯುವಂತೆ ತಡೆಯಬಹುದು ಎಂದ. ಈ ಎರಡು ವಾದಗಳಿಗೂ ಸೇರದ, ನನಗೆ ತುಂಬ ಇಷ್ಟವಾದ ಮೂರನೆಯ ನಿಲುವು 12ನೇ ಶತಮಾನದ ಬಸವಣ್ಣನ ವಚನದಲ್ಲಿದೆ. ನಮ್ಮವರು ಬಂದು ಕೇಳಿದರೆ ಶುಭಲಗ್ನವೆಂದೇ ಹೇಳಿ, ಚಂದ್ರಬಲ ತಾರಾಬಲ ಉಂಟೆಂದೇ ಹೇಳಿ, ನಾಳಿನ ದಿನಕ್ಕಿಂತ ಇಂದಿನ ದಿನ ಲೇಸೆಂದು ಹೇಳಿ ಎಂದು ಅದು ಮುಹೂರ್ತ ಹೇಳುವವರನ್ನೇ ಕೇಳಿಕೊಳ್ಳುತ್ತದೆ. ಲೆಕ್ಕ ಸರಿಯೋ ತಪ್ಪೋ ಎಂಬ ಗೋಜಿಗೆ ಹೋಗದೆ, ಆಡಿದ ಮಾತು ಕೇಳಿದವನ ಎದೆಯಲ್ಲಿ ಏನು ಮಾಡುತ್ತದೆ ಎಂಬುದರತ್ತಲೇ ವಚನ ನೋಡುತ್ತಿದೆ.

ಉಳಿದ ಇತಿಹಾಸವನ್ನು ಒಂದೇ ಉಸಿರಿನಲ್ಲಿ ಹೇಳಬಹುದು: ಬ್ಯಾಬಿಲೋನಿನಲ್ಲಿ ಅರಸನಿಗೂ ರಾಜ್ಯಕ್ಕೂ ಮೀಸಲಾಗಿದ್ದ ಆಕಾಶದ ಶಕುನ ಕ್ರಿ.ಪೂ. 5ನೇ ಶತಮಾನದ ಹೊತ್ತಿಗೆ ಒಬ್ಬೊಬ್ಬರ ಜನ್ಮಕ್ಕೂ ಇಳಿಯಿತು, ಗ್ರೀಕರ ಕೈಯಲ್ಲಿ ಲಗ್ನದ ಲೆಕ್ಕವಾಯಿತು, ‘ಹೋರಾ’ ಎಂಬ ಗ್ರೀಕ್ ಪದವನ್ನು ಹೊತ್ತು ಭಾರತಕ್ಕೆ ಬಂದು ವರಾಹಮಿಹಿರನ ಗ್ರಂಥಗಳಲ್ಲಿ ನೆಲೆಯೂರಿತು, 1930ರಲ್ಲಿ ಲಂಡನ್ನಿನ ಪತ್ರಿಕೆಯ ಅಂಕಣವಾಯಿತು, ಈಗ ಮೊಬೈಲಿನಲ್ಲಿದೆ.

ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಿದ ಪ್ರಯೋಗಗಳೂ ಆಗಿವೆ. 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೂ ಒಂದೇ ಸ್ವಭಾವ ವರ್ಣನೆಯನ್ನು ‘ಇದು ನಿನ್ನದು’ ಎಂದು ಹಂಚಿದ. ಅದು ತಮಗೆ ಎಷ್ಟು ಹೊಂದುತ್ತದೆ ಎಂದು 5ಕ್ಕೆ ಅಂಕ ಕೊಡಲು ಹೇಳಿದಾಗ ಸರಾಸರಿ 4.26 ಬಂತು. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು 2008ರಲ್ಲಿ ಪ್ರತಿಭಾವಂತ ಮಕ್ಕಳ ಹಾಗೂ ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ, ಯಾವುದು ಯಾರದೆಂದು ಹೇಳುವಂತೆ ಜ್ಯೋತಿಷಿಗಳನ್ನು ಕೇಳಿದರು. ಉತ್ತರ ಕಳಿಸಿದ 27 ಮಂದಿಯ ಊಹೆ ಸರಿಹೋದದ್ದು ಶೇ. 46ರಷ್ಟು, ಅಂದರೆ ನಾಣ್ಯ ಚಿಮ್ಮಿದ್ದಕ್ಕಿಂತ ಮೇಲಲ್ಲ. ಇದರಿಂದ ನಂಬಿಕೆ ಕದಲಲಿಲ್ಲ. ಮಗಳ ಕಾಯಿಲೆ ವಾಸಿಯಾಗುತ್ತದೆಯೇ ಎಂದು ಕೇಳಲು ಹೋದ ತಾಯಿಗೆ ಅಂಕಿಅಂಶ ಹೇಳಿ ಪ್ರಯೋಜನವೇನು?

ಹೀಗಿರುವಾಗ ಎರಡನೆಯ ಪ್ರಶ್ನೆಗೆ ಉತ್ತರ ಯಾರೂ ನಿರೀಕ್ಷಿಸದ ಕಡೆಯಿಂದ ಬಂತು. ಹಂಟಿಂಗ್ಟನ್ ಎಂಬ ಕಾಯಿಲೆಯಿದೆ. 1872ರಲ್ಲಿ ಜಾರ್ಜ್ ಹಂಟಿಂಗ್ಟನ್ ಎಂಬ ಯುವ ವೈದ್ಯ ಇದನ್ನು ವಿವರಿಸಿದ್ದರಿಂದ ಆ ಹೆಸರು. ಸಾಮಾನ್ಯವಾಗಿ 30ರಿಂದ 50ರ ನಡುವಿನ ವಯಸ್ಸಿನಲ್ಲಿ ಕೈಕಾಲುಗಳು ತಾವಾಗಿಯೇ ಅಲುಗಲು ಶುರುವಾಗುತ್ತವೆ, ಮಾತು ತೊದಲುತ್ತದೆ, ನೆನಪು ಮತ್ತು ಸ್ವಭಾವ ಕೆಡುತ್ತವೆ, 15–20 ವರ್ಷಗಳಲ್ಲಿ ಸಾವು. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. 1983ರಲ್ಲಿ ದೋಷ ನಾಲ್ಕನೆಯ ವರ್ಣತಂತುವಿನಲ್ಲಿದೆ ಎಂದು ಗೊತ್ತಾಯಿತು. 1993ರಲ್ಲಿ ವಂಶವಾಹಿಯೇ ಸಿಕ್ಕಿತು. ಅಲ್ಲಿ ಡಿಎನ್‌ಎ ಬರಹದ ಸಿ, ಎ, ಜಿ ಎಂಬ ಮೂರು ಅಕ್ಷರಗಳ ಗುಂಪು ಎಷ್ಟು ಬಾರಿ ಮರುಕಳಿಸಿದೆ ಎಂದು ಎಣಿಸಿದರೆ ಸಾಕು. 26ರೊಳಗಿದ್ದರೆ ಕಾಯಿಲೆಯಿಲ್ಲ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಬದುಕಿದ್ದಷ್ಟು ಕಾಲದಲ್ಲಿ ಅದು ಬಂದೇ ಬರುತ್ತದೆ. ಹಣೆಬರಹ ಎಂಬ ಮಾತು ಇಲ್ಲಿ ಅಕ್ಷರಗಳಲ್ಲೇ ನಿಜವಾಯಿತು.

ಪರೀಕ್ಷೆ ಬರುವ ಮುನ್ನ, ಅಪಾಯದಲ್ಲಿರುವ ಕುಟುಂಬದವರನ್ನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಜನ ‘ಮಾಡಿಸಿಕೊಳ್ಳುತ್ತೇವೆ’ ಎಂದಿದ್ದರು. ಪರೀಕ್ಷೆ ಬಂದ ಮೇಲೆ ಹೆಚ್ಚಿನ ದೇಶಗಳಲ್ಲಿ ಐವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ.

ನ್ಯಾನ್ಸಿ ವೆಕ್ಸ್ಲರ್ ಅವರ ವಿಷಯವನ್ನೇ ನೋಡಿ. 1968ರಲ್ಲಿ ಅವರ ತಾಯಿಗೆ ಈ ಕಾಯಿಲೆ ಇರುವುದು ಗೊತ್ತಾಯಿತು. ಮಗಳು ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಹಳ್ಳಿಗಳಿಗೆ ವರ್ಷವರ್ಷವೂ ಹೋಗಿ, ಕಾಯಿಲೆ ದಟ್ಟವಾಗಿದ್ದ ಕುಟುಂಬಗಳ ವಂಶವೃಕ್ಷ ಬರೆದು, ಸಾವಿರಾರು ಜನರ ರಕ್ತದ ಮಾದರಿ ತಂದರು. ವಂಶವಾಹಿ ಸಿಕ್ಕಿದ್ದು ಆ ರಕ್ತದಿಂದ. ಅಷ್ಟೆಲ್ಲ ದುಡಿದು ದಾರಿ ಮಾಡಿಕೊಟ್ಟ ಪರೀಕ್ಷೆಯನ್ನು ಅವರು ತಮಗೆ ಬೇಡವೆಂದರು. ತಮಗೂ ಕಾಯಿಲೆ ಇದೆಯೆಂದು 2020ರಲ್ಲಿ ಬಹಿರಂಗವಾಗಿ ಹೇಳಿದರು. ನಡುವಿನ ಬಹುಪಾಲು ವರ್ಷಗಳನ್ನು ಅವರು ತಿಳಿಯದೆಯೇ ಕೆಲಸದಲ್ಲಿ ಕಳೆದಿದ್ದರು.

ಹಾಗಾದರೆ ಸಿಸೆರೊ ಗೆದ್ದನೇ? ಅಷ್ಟು ಸುಲಭವಿಲ್ಲ. ಕೆನಡಾದಲ್ಲಿ ಪರೀಕ್ಷೆ ಮಾಡಿಸಿಕೊಂಡವರ ಮನಸ್ಥಿತಿಯನ್ನು ಒಂದು ವರ್ಷ ಗಮನಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಸುದ್ದಿ ಕೇಳಿದವರೂ ಏನೂ ತಿಳಿಯದೆ ಉಳಿದವರಿಗಿಂತ ಹೆಚ್ಚು ಕುಗ್ಗಿರಲಿಲ್ಲ. ತೂಗುಯ್ಯಾಲೆ ನಿಂತದ್ದೇ ಕೆಲವರಿಗೆ ನೆಮ್ಮದಿ. ಟಾಲೆಮಿ ಹೇಳಿದ್ದರಲ್ಲಿ ಹುರುಳಿತ್ತು. ಇನ್ನೊಂದೆಡೆ, ‘ನಿಮಗಿಲ್ಲ’ ಎಂಬ ಒಳ್ಳೆಯ ಸುದ್ದಿ ಕೇಳಿಯೂ ಕಂಗಾಲಾದವರಿದ್ದಾರೆ. ಬೇಗ ಸಾಯುತ್ತೇವೆಂದೇ ಬದುಕನ್ನು ಹೊಂದಿಸಿಕೊಂಡವರು ಅವರು. ಅಣ್ಣತಮ್ಮಂದಿರಿಗೆ ಬಂದದ್ದು ತಮಗೇಕೆ ಬರಲಿಲ್ಲ ಎಂದು ಕೊರಗಿದವರು.

ಈ ಅನುಭವದಿಂದ ಆಸ್ಪತ್ರೆಗಳು ಒಂದು ಶಿಸ್ತು ಕಲಿತವು. ರಕ್ತ ತೆಗೆಯುವ ಮುನ್ನ ಸಮಾಲೋಚಕರು ಕೂರಿಸಿಕೊಂಡು ಮಾತನಾಡುತ್ತಾರೆ. ಫಲಿತಾಂಶ ಕೆಟ್ಟದ್ದಾದರೆ ಅಂದು ಸಂಜೆ ಏನು ಮಾಡುತ್ತೀರಿ? ಮೊದಲು ಯಾರಿಗೆ ಹೇಳುತ್ತೀರಿ? ಜೊತೆಯಲ್ಲಿ ಯಾರು ಬರುತ್ತಾರೆ? ಯೋಚಿಸಿ ಬನ್ನಿ ಎಂದು ಕೆಲವು ವಾರ ಬಿಡುತ್ತಾರೆ. ವರದಿ ಮೇಜಿನ ಮೇಲಿದ್ದಾಗಲೂ ಬೇಡವೆಂದು ಎದ್ದು ಹೋಗಬಹುದು. ಲಕ್ಷಣಗಳಿಲ್ಲದ ಮಕ್ಕಳಿಗೆ ಪರೀಕ್ಷೆ ಮಾಡುವುದಿಲ್ಲ, ಹೆತ್ತವರು ಕೇಳಿಕೊಂಡರೂ. ತಿಳಿಯಬೇಕೇ ಬೇಡವೇ ಎಂಬುದನ್ನು ಆ ಮಗು ದೊಡ್ಡದಾದ ಮೇಲೆ ತಾನೇ ತೀರ್ಮಾನಿಸಬೇಕು. ಅಜ್ಜನಿಗಿದ್ದ ಕಾಯಿಲೆ ಮೊಮ್ಮಗನ ವರದಿಯಲ್ಲಿ ಕಂಡರೆ, ಪರೀಕ್ಷೆ ಬೇಡವೆಂದಿದ್ದ ನಡುವಿನ ಅಪ್ಪನ ಭವಿಷ್ಯವೂ ಹೊರಬಿದ್ದಂತೆ. ಹಾಗಾಗಿ ಅದನ್ನೂ ಮೊದಲೇ ಮಾತಾಡುತ್ತಾರೆ. 1997ರಲ್ಲಿ ಯುನೆಸ್ಕೊದ ಮಾನವ ಜೀನೋಮ್ (ಮನುಷ್ಯನ ಇಡೀ ಡಿಎನ್‌ಎ ಬರಹ) ಘೋಷಣೆ, ತಿಳಿಯದಿರುವ ತೀರ್ಮಾನವನ್ನೂ ಗೌರವಿಸಬೇಕೆಂದು ಬರೆಯಿತು. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ತಮ್ಮ ಇಡೀ ಜೀನೋಮ್ ಓದಿಸಿದಾಗ, ಆಲ್‌ಝೈಮರ್ಸ್‌ಗೆ ಸಂಬಂಧಿಸಿದ ಒಂದು ವಂಶವಾಹಿಯ ಫಲ ಮಾತ್ರ ತಮಗೂ ಹೇಳಬಾರದೆಂದರು. ಅವರ ಅಜ್ಜಿಗೆ ಆ ಕಾಯಿಲೆಯಿತ್ತು.

ಸ್ತನ ಕ್ಯಾನ್ಸರಿನ ವಂಶವಾಹಿಯ ಮಾತು ಬೇರೆ. ಅಲ್ಲಿ ಮೊದಲೇ ತಿಳಿದರೆ ತಪಾಸಣೆಯಿದೆ, ಶಸ್ತ್ರಚಿಕಿತ್ಸೆಯಿದೆ, ಜೀವ ಉಳಿಯುತ್ತದೆ. ಏನಾದರೂ ಮಾಡಲಾಗುವ ಕಡೆ ಭವಿಷ್ಯ ತಿಳಿಯುವುದು ಉಪಕಾರ.

ನಿಜವೆಂದು ಸಾಬೀತಾದ ಭವಿಷ್ಯವನ್ನು ಹೇಳಲು ಇಷ್ಟೊಂದು ಎಚ್ಚರವಿದೆ. ಸಾಬೀತಾಗದ ಭವಿಷ್ಯವನ್ನು ಮಾತ್ರ ತೊಟ್ಟಿಲಿನ ಕೂಸಿಗೇ ಬರೆದಿಡಲಾಗುತ್ತದೆ, ಮಾತೃಕಂಟಕ, ಇಂತಿಷ್ಟನೆಯ ವಯಸ್ಸಿಗೆ ಗಂಡಾಂತರ ಎಂಬ ಮಾತುಗಳೊಂದಿಗೆ. ಆ ಕೂಸನ್ನು ಯಾರೂ ಕೇಳಿರುವುದಿಲ್ಲ.

ಇಂಥ ಮಾತಿನ ಭಾರ ಎಷ್ಟೆಂಬುದು ಜಪಾನಿನಲ್ಲಿ ಒಮ್ಮೆ ಲೆಕ್ಕಕ್ಕೇ ಸಿಕ್ಕಿತು. ಅಲ್ಲಿಯ 60 ವರ್ಷಗಳ ಚಕ್ರದಲ್ಲಿ ‘ಬೆಂಕಿ ಕುದುರೆ’ಯ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕಂಟಕ ಎಂಬ ನಂಬಿಕೆಯಿದೆ. 1965ರಲ್ಲಿ ಸುಮಾರು 18.2 ಲಕ್ಷ ಮಕ್ಕಳು ಹುಟ್ಟಿದ್ದರು. ಬೆಂಕಿ ಕುದುರೆಯ 1966ರಲ್ಲಿ ಹುಟ್ಟಿದ್ದು ಸುಮಾರು 13.6 ಲಕ್ಷ. ಮರುವರ್ಷ ಸಂಖ್ಯೆ 19 ಲಕ್ಷ ದಾಟಿತು. ಕಾರ್ಖಾನೆಗಳೂ ಅತಿವೇಗದ ರೈಲುಗಳೂ ಇದ್ದ ದೇಶದಲ್ಲಿ ಲಕ್ಷಾಂತರ ದಂಪತಿಗಳು ಇನ್ನೂ ಹುಟ್ಟದ ಮಗಳ ಮೇಲೆ ಬೀಳಲಿದ್ದ ಒಂದು ಮಾತಿಗೆ ಅಂಜಿದರು. ಆದರೂ ಆ ವರ್ಷ ಹುಟ್ಟಿದ ಹೆಣ್ಣುಮಕ್ಕಳಿಗೆ 2026ರಲ್ಲಿ ಅರವತ್ತು ತುಂಬುತ್ತದೆ. ಚಕ್ರ ಒಂದು ಸುತ್ತು ಮುಗಿಸಿ ಬೆಂಕಿ ಕುದುರೆಗೆ ಮರಳುವುದೂ ಅದೇ ವರ್ಷ.