ವಾಡೆಯ ಗೋಡೆ ಯಾಕಷ್ಟು ದಪ್ಪ?

ತುಮಕೂರು, ಚಿತ್ರದುರ್ಗದ ಕಡೆ ವಾಡೆ ಅಂದರೆ ಕಾಳು ತುಂಬಿಡುವ ದೊಡ್ಡ ಮಣ್ಣಿನ ಗುಡಾಣ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ವಾಡೆ ಅಂದರೆ ದೇಸಾಯರ ಮನೆ, ಮರಾಠಿಯ ವಾಡಾದ ನೆಂಟ. ಎರಡನ್ನೂ ಬೆರೆಸಬಾರದು, ಸರಿ. ಆದರೆ ಆ ಮನೆಯನ್ನು ಒಂದು ಸುತ್ತು ಹಾಕಿ ಬಂದರೆ ಅದೂ ಒಂದು ದೊಡ್ಡ ಗುಡಾಣವೇ ಅನಿಸುತ್ತದೆ. ಅಷ್ಟೆಲ್ಲ ಗೋಡೆ ಎಬ್ಬಿಸಿದ್ದು ಮುಖ್ಯವಾಗಿ ಕಾಳು ಕಾಯೋಕೆ.

ದೇಸಾಯಿ ಅಂದರೆ ರಾಜನಲ್ಲ. ಹತ್ತಾರು ಹಳ್ಳಿಗಳ ಪರಗಣೆಯಿಂದ ಕಂದಾಯ ಎತ್ತಿ ಮೇಲಿನವರಿಗೆ ಮುಟ್ಟಿಸುವ ವಂಶಪಾರಂಪರ್ಯದ ವತನದಾರ. ಅದಕ್ಕೆ ಪ್ರತಿಯಾಗಿ ಅವನಿಗೆ ಇನಾಂ ಜಮೀನು. ಅಂದರೆ ಮನೆಯಲ್ಲಿ ಎತ್ತು, ನೇಗಿಲು, ರಾಶಿ, ಕಣ ಎಲ್ಲವೂ ಇತ್ತು. ಜೊತೆಗೆ ಊರವರ ಪಾಲಿನ ಕಂದಾಯವೂ ಬಂದು ಬೀಳುತ್ತಿತ್ತು. ಮೇಲಿನವರು ಗಟ್ಟಿಯಾಗಿದ್ದಾಗ ಇದರಲ್ಲಿ ತೊಂದರೆ ಏನಿರಲಿಲ್ಲ. 1686ರಲ್ಲಿ ವಿಜಾಪುರ, ಅಂದರೆ ಈಗಿನ ವಿಜಯಪುರ, ಔರಂಗಜೇಬನ ಕೈಗೆ ಬಿದ್ದ ಮೇಲೆ ಮೇಲಿನವರು ಯಾರು ಅನ್ನೋದೇ ಗೊಂದಲವಾಯಿತು. ಮೊಘಲರು ಒಂದು ಕಡೆ, ಸವಣೂರಿನ ನವಾಬ ಇನ್ನೊಂದು ಕಡೆ. ಚೌಥ್ ಅಂತ ಕಂದಾಯದಲ್ಲಿ ಕಾಲುಭಾಗ, ಸರದೇಶಮುಖಿ ಅಂತ ಮತ್ತೆ ಹತ್ತರಲ್ಲಿ ಒಂದು ಭಾಗ ಕೇಳಿಕೊಂಡು ಬರುವ ಮರಾಠರು. ಆಮೇಲೆ ಹೈದರ್, ಟಿಪ್ಪು. ಧಾರವಾಡದ ಕೋಟೆಯೊಂದಕ್ಕೇ 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಮರಾಠಾ ಸರದಾರರಾದ ಪಟವರ್ಧನರೂ ಇಂಗ್ಲಿಷರೂ ಸೇರಿ ಮುತ್ತಿಗೆ ಹಾಕಿ ಕೂತಿದ್ದರು. ಅಷ್ಟು ತಿಂಗಳು ಆ ದಂಡಿನ ಹೊಟ್ಟೆ, ಕುದುರೆಗಳ ಹೊಟ್ಟೆ ತುಂಬಬೇಕಲ್ವಾ? ಸುತ್ತಲಿನ ಹಳ್ಳಿಗಳಿಂದಲ್ಲದೆ ಎಲ್ಲಿಂದ ಬರಬೇಕು. ಇದರ ಮೇಲೆ ಕುದುರೆ ಏರಿ ಬರುವ ಲೂಟಿಕೋರರು, ಪಿಂಡಾರಿಗಳ ಕಾಟ ಬೇರೆ. ಅವರಿಗೆ ಸಂಬಳವಿಲ್ಲ, ಲೂಟಿಯೇ ಸಂಬಳ.

ಈಗ ಬಾಗಿಲಿಗೆ ಬನ್ನಿ. ದೊಡ್ಡ ಎರಡು ಕದ, ಮೇಲೆಲ್ಲ ಕಬ್ಬಿಣದ ಮೊಳೆ. ದಿನಾ ಅದನ್ನು ಪೂರ್ತಿ ತೆಗೆಯೋದಿಲ್ಲ. ಒಂದು ಕದದೊಳಗೇ ಕೊರೆದ ದಿಡ್ಡಿ ಬಾಗಿಲಿನಲ್ಲಿ ಓಡಾಟ. ಬಗ್ಗಿಯೇ ಒಳಗೆ ಹೋಗಬೇಕು. ಬಗ್ಗೋದು ದೇಸಾಯರಿಗೆ ಮರ್ಯಾದೆ ಕೊಟ್ಟ ಹಾಗೆ ಅಂತ ಊರಲ್ಲಿ ಹೇಳುತ್ತಾರೆ. ಇರಬಹುದು. ಆದರೆ ಮೊದಲು ತಲೆ ಒಳಗೆ ಬಂದು, ಕಾಲು ಇನ್ನೂ ಹೊರಗಿರುವ ಮನುಷ್ಯ ಕತ್ತಿ ಬೀಸಲಾರ, ಅದನ್ನೂ ಮರೀಬೇಡಿ. ಒಳಗಿನಿಂದ ಅಗಳಿ ಹಾಕಿದರೆ ಆ ಅಡ್ಡಮರದ ಎರಡೂ ತುದಿ ಗೋಡೆಯೊಳಗಿನ ತೂತಿನಲ್ಲಿ ಕೂರುತ್ತದೆ. ಕದ ಮುರಿಯಬೇಕಾದರೆ ಗೋಡೆಯನ್ನೂ ಒಡೆಯಬೇಕು.

ದಾಟಿದರೆ ದೇವಡಿ, ಎರಡೂ ಕಡೆ ಕಾವಲಿನವರು ಕೂರುವ ಕಟ್ಟೆ. ಎಷ್ಟೋ ವಾಡೆಗಳಲ್ಲಿ ಇಲ್ಲಿಂದ ನೇರ ದಾರಿ ಇರೋದಿಲ್ಲ, ಒಂದು ತಿರುವು ಇರುತ್ತದೆ, ಹಾಗಾಗಿ ಬಾಗಿಲು ತೆರೆದಿದ್ದರೂ ಬೀದಿಯಲ್ಲಿ ನಿಂತವನಿಗೆ ಒಳಗಿನ ಅಂಗಳ ಕಾಣೋದಿಲ್ಲ. ಆಮೇಲೆ ಲೆಕ್ಕಪತ್ರದ ಸದರು, ಪಡಸಾಲೆ, ದನದ ಹಕ್ಕಿ ಅಂದರೆ ಕೊಟ್ಟಿಗೆ, ಬಾವಿ. ಬಾವಿ ಒಳಗೇ ಇರಬೇಕು. ಬಾಗಿಲು ಹಾಕಿಕೊಂಡು ನಾಲ್ಕು ದಿನ ಕೂತರೆ ದನಕ್ಕೂ ಮನುಷ್ಯರಿಗೂ ನೀರು ಬೇಕು.

ಗೋಡೆಯ ಗುಟ್ಟು ಅದರ ಹೊಟ್ಟೆಯಲ್ಲಿದೆ. ಹೊರಗೊಂದು ಕಲ್ಲಿನ ಮುಖ, ಒಳಗೊಂದು ಮುಖ, ನಡುವೆ ಚೂರುಕಲ್ಲು, ಮಣ್ಣು ತುರುಕಿ ತುಂಬಿದ್ದು. ಸುಣ್ಣದ ಗಾರೆ ಬಾಗಿಲವಾಡದಂಥ ಮುಖ್ಯ ಜಾಗಕ್ಕಷ್ಟೇ, ಉಳಿದದ್ದು ಕೆಸರು. ಬೀದಿ ಕಡೆ ಕಿಟಕಿ ಇಲ್ಲವೇ ಇಲ್ಲ ಅನ್ನಬಹುದು. ಬದಲಿಗೆ ಒಳಗೆ ಅಗಲವಾಗಿದ್ದು ಹೊರಗೆ ಬೆರಳಷ್ಟೇ ಕಾಣುವ ಬಂದೂಕಿನ ಕಂಡಿಗಳು, ಸ್ವಲ್ಪ ಕೆಳಮುಖವಾಗಿ. ಮೂಲೆಯಲ್ಲಿ ಹುಡೇವು, ಅಂದರೆ ದುಂಡನೆ ಬುರುಜು. ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿರುವುದರಿಂದ ಗೋಡೆಬುಡಕ್ಕೆ ಬಂದು ಅಗೆಯುವವನೂ ಅಲ್ಲಿಂದ ಕಾಣುತ್ತಾನೆ. ವಾಡೆ ಇಲ್ಲದ ಎಷ್ಟೋ ಊರುಗಳಲ್ಲೂ ನಡುವೆ ಒಂಟಿ ಹುಡೇವು ನಿಂತಿದೆ, ಯಾರದೋ ಬರವಿಗೆ ಕಾದ ಹಾಗೆ.

ಇಷ್ಟೆಲ್ಲದರ ತಿರುಳು ಕಾಲಡಿಯಲ್ಲಿದೆ: ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಸುತ್ತ ಕಣಿಕೆ, ಅಂದರೆ ಜೋಳದ ಒಣದಂಟು, ಹಾಸಿ ಜೋಳ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಅಲ್ಲಿ ಏನಿದೆ ಅಂತ ಮೇಲೆ ನಡೆಯುವವನಿಗೆ ಗೊತ್ತಾಗೋದಿಲ್ಲ. ಗಾಳಿ ಆಡದ್ದರಿಂದ ಹುಳ ಬದುಕೋದಿಲ್ಲ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಅದೇ ಕಾರಣಕ್ಕೆ ಇಳಿದ ಮನುಷ್ಯನೂ ಬದುಕೋದಿಲ್ಲ. ತೆಗೆದ ಮೇಲೆ ಒಂದಷ್ಟು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಆರದಿದ್ದರೆ ಮಾತ್ರ ಇಳಿಯೋದು. ಬರ ಬಿದ್ದ ವರ್ಷ ಈ ಹಗೇವು ತೆಗೆದು ಊರಿಗೆ ಕಾಳು ಅಳೆದುಕೊಟ್ಟ ದೇಸಾಯರೂ ಇದ್ದರು, ಬಡ್ಡಿಗೆ ಕೊಟ್ಟವರೂ ಇದ್ದರು. ಹಾಗಾಗಿ ಆ ಕಂಡಿಗಳೆಲ್ಲ ಪಿಂಡಾರಿಗಾಗಿಯೇ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಕೆಲವು ಊರ ಕಡೆಗೇ ನೋಡುತ್ತವೆ.

1818ರಲ್ಲಿ ಪೇಶ್ವೆ ಇಂಗ್ಲಿಷರಿಗೆ ಶರಣಾದ, ಪಿಂಡಾರಿಗಳೂ ಅಡಗಿದರು. ಗೋಡೆಗೆ ಕೆಲಸ ಹೋಯಿತು. ಆಮೇಲೆ ಬಂದ ಶತ್ರು ಕಾಗದದ ಮೇಲೆ ಬಂದ. 1852ರ ಕಾಯ್ದೆಯ ಇನಾಂ ಕಮಿಷನ್ ಸನದು, ಅಂದರೆ ಜಮೀನಿನ ಹಕ್ಕುಪತ್ರ, ತೋರಿಸು ಅಂದಿತು. ತೋರಿಸಲಾಗದವರ ಜಮೀನಿಗೆ ಕುತ್ತು. 1857ರಲ್ಲಿ ಆಯುಧ ಒಪ್ಪಿಸಿ ಅಂದರು, ಹಲಗಲಿಯ ಬೇಡರು ಒಪ್ಪದೆ ಬಂದೂಕು ಹಿಡಿದರು, ಮರುವರ್ಷ ನರಗುಂದದ ದೊರೆ ಭಾಸ್ಕರರಾವ್ ಭಾವೆ ದಂಗೆ ಎದ್ದು ಗಲ್ಲಿಗೇರಿದ. ವಾಡೆಗಳ ಕಂಡಿಯಲ್ಲಿ ಆಮೇಲೆ ಗುಬ್ಬಿ ಗೂಡು.

ಆದರೂ ಮನೆಗಳು ಇನ್ನೂ ನೂರು ವರ್ಷ ಗಟ್ಟಿಯಾಗಿಯೇ ಇದ್ದವು, ಯಾಕೆಂದರೆ ಆಳು ಇದ್ದರು. ಮೇಲ್ಮುದ್ದೆ, ಅಂದರೆ ಮಣ್ಣಿನ ಮಾಳಿಗೆಯ ಮನೆಯ ಕತೆ ಹೀಗೆ: ಜಂತಿ, ಅದರ ಮೇಲೆ ಕಟ್ಟಿಗೆ, ಬೇವಿನ ತಪ್ಪಲು, ಮೇಲೆ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಕರಲು ಮಣ್ಣು, ಅಂದರೆ ಉಪ್ಪುಮಣ್ಣು, ತಂದು ಹರಡಲೇಬೇಕು. ಅಷ್ಟು ದೊಡ್ಡ ಮಾಳಿಗೆಗೆ ಎಷ್ಟು ಗಾಡಿ ಮಣ್ಣು, ಎಷ್ಟು ಆಳು! 1948ರ ಮುಂಬಯಿ ಗೇಣಿ ಕಾಯ್ದೆ, 1950ರ ವತನ ರದ್ದತಿ, ಕೊನೆಗೆ 1974ರಲ್ಲಿ ಉಳುವವನೇ ಒಡೆಯ. ಬಿಟ್ಟಿ ದುಡಿಯುವವರು ತಮ್ಮ ಹೊಲಕ್ಕೆ ಹೋದರು, ಹೋಗಬೇಕಾದ್ದೇ. ಒಂದು ವರ್ಷ ಮಣ್ಣು ಹಾಕದಿದ್ದರೆ ಸೋರುತ್ತದೆ, ಮೂರು ವರ್ಷಕ್ಕೆ ಜಂತಿ ಕೊಳೆಯುತ್ತದೆ. ನೀರು ಗೋಡೆಯ ಹೊಟ್ಟೆಗೆ ಇಳಿದರೆ ಒಳಗಿನ ಮಣ್ಣು ಉಬ್ಬಿ ಎರಡೂ ಮುಖಗಳನ್ನು ಹೊರಗೆ ನೂಕುತ್ತದೆ. ಎಷ್ಟು ದಪ್ಪವೋ ಅಷ್ಟು ಜೋರಾಗಿ ಬೀಳುತ್ತದೆ.

ಶಿರಸಂಗಿಯ ಲಿಂಗರಾಜ ದೇಸಾಯರ ವಾಡೆಯ ಹೆಸರು ಉಳಿದದ್ದಕ್ಕೂ ಕಾರಣ ಗೋಡೆಯಲ್ಲ. 1906ರಲ್ಲಿ ತೀರಿಕೊಳ್ಳುವ ಮುಂಚೆ ಆಸ್ತಿಯನ್ನು ಹುಡುಗರ ಓದಿಗೆ ಬರೆದಿಟ್ಟಿದ್ದರು. ಉಳಿದ ಕಡೆ ಪಾಲು ಹರಿಯದ ಹತ್ತಾರು ವಾರಸುದಾರರು. ತೇಗದ ಕಂಬಗಳು ಹಳೆ ಸಾಮಾನು ಕೊಳ್ಳುವವರ ಲಾರಿ ಹತ್ತುತ್ತವೆ. ಬಿದ್ದ ಗೋಡೆಯ ಮಣ್ಣನ್ನು ಊರವರು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಯುತ್ತಾರೆ. ಹಾಳುಮಣ್ಣು ಒಳ್ಳೆ ಗೊಬ್ಬರ, ಜೋಳ ಚೆನ್ನಾಗಿ ಬರುತ್ತದೆ.