ಕೂಡಲಿ ನಿಂತಲ್ಲೇ ನಿಲ್ಲಲಿ

“ನಿನ್ನೆ ಕೂಡಲಿ ಕೆಳಗಿತ್ತು, ಇವತ್ತು ಮೇಲಿದೆ. ಹೊಳೆ ಹಿಂದಕ್ಕೆ ಹರಿಯಿತೇ?”

ಶಿಕ್ಷಕರಿಗಾಗಿ ನಡೆಸಿದ ಒಂದು ತರಬೇತಿಯ ಎರಡನೆಯ ದಿನ, ಭೂಗೋಳ ಪಾಠ ಮಾಡುವ ಶಿಕ್ಷಕಿಯೊಬ್ಬರು ಕೇಳಿದ ಪ್ರಶ್ನೆ ಇದು. ಹಿಂದಿನ ದಿನ ನಾವೆಲ್ಲ ಸೇರಿ ತುಂಗಭದ್ರೆಯ ದಾರಿಯನ್ನು ಬ್ರೌಸರಿನಲ್ಲಿ ಜಾಲನಕ್ಷೆಯಾಗಿ, ಅಂದರೆ ಬಿಂದುಗಳು ಮತ್ತು ಅವನ್ನು ಜೋಡಿಸುವ ಗೆರೆಗಳ ಚಿತ್ರವಾಗಿ, ಬಿಡಿಸಿದ್ದೆವು. ಗಂಗಾಮೂಲದಿಂದ ತುಂಗೆ ಶೃಂಗೇರಿ, ತೀರ್ಥಹಳ್ಳಿ, ಗಾಜನೂರು, ಶಿವಮೊಗ್ಗಗಳನ್ನು ದಾಟಿ ಬರುತ್ತಾಳೆ. ಅಲ್ಲಿಯೇ ಹುಟ್ಟುವ ಭದ್ರೆ ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿ, ಭದ್ರಾವತಿಗಳ ಹಾದಿ ಹಿಡಿಯುತ್ತಾಳೆ. ಕೂಡಲಿಯಲ್ಲಿ ಇಬ್ಬರೂ ಒಂದಾಗಿ ಹೊನ್ನಾಳಿ, ಹರಿಹರ, ಹಂಪಿಯತ್ತ ಸಾಗುತ್ತಾರೆ. ಊರುಗಳೇ ನೋಡ್‌ಗಳು (ಬಿಂದುಗಳು), ಅವುಗಳ ನಡುವಿನ ಹರಿವೇ ಎಡ್ಜ್‌ಗಳು (ಗೆರೆಗಳು). ಮರುದಿನ ಪುಟ ತೆರೆದಾಗ ಸಂಬಂಧಗಳೆಲ್ಲ ಸರಿಯಾಗಿಯೇ ಇದ್ದವು, ಚಿತ್ರ ಮಾತ್ರ ಮಗುಚಿಕೊಂಡಿತ್ತು.

ಜಾಲನಕ್ಷೆಗಳನ್ನು ಕಟ್ಟಿಕೊಡುವುದು ನನ್ನ ದಿನದ ಕೆಲಸ. ಈ ಕೆಲಸದಲ್ಲಿ ನಾನು ಕಂಡ ಬಹುಪಾಲು ತೊಂದರೆಗಳ ಬೇರು ಆ ಶಿಕ್ಷಕಿಯ ಪ್ರಶ್ನೆಯಲ್ಲೇ ಇದೆ.

ಅಂದು ಬಳಸಿದ್ದು ವಿಸ್-ನೆಟ್‌ವರ್ಕ್ ಎಂಬ ಮುಕ್ತ ತಂತ್ರಾಂಶ ಲೈಬ್ರರಿ, ಅಂದರೆ ನಮ್ಮ ಪುಟಕ್ಕೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡಿನ ಕಟ್ಟು. ನೆದರ್ಲೆಂಡ್ಸ್‌ನ ಅಲ್ಮೆಂಡೆ ಸಂಸ್ಥೆ ಆರಂಭಿಸಿದ, ದತ್ತಾಂಶವನ್ನು ಚಿತ್ರವಾಗಿಸುವ ವಿಸ್.ಜೆಎಸ್ ಲೈಬ್ರರಿ ಮುಂದೆ ಹಲವು ತುಂಡುಗಳಾಗಿ ಸಮುದಾಯದ ಕೈಗೆ ಬಂತು. ಜಾಲನಕ್ಷೆ ಬಿಡಿಸುವ ತುಂಡು ಇದು. ಅಪಾಚೆ 2.0 ಅಥವಾ ಎಂಐಟಿ ಪರವಾನಗಿಯಡಿ ಯಾರು ಬೇಕಾದರೂ ಬಳಸಬಹುದು. ನೋಡ್‌ಗಳ ಒಂದು ಪಟ್ಟಿ, ಎಡ್ಜ್‌ಗಳ ಒಂದು ಪಟ್ಟಿ, ಚಿತ್ರ ಮೂಡಲು ಪುಟದಲ್ಲಿ ಒಂದಿಷ್ಟು ಜಾಗ ಕೊಟ್ಟರೆ ಸಾಕು, ಎಳೆಯಬಹುದಾದ, ಹಿಗ್ಗಿಸಿ ಕುಗ್ಗಿಸಬಹುದಾದ ನಕ್ಷೆ ಕಣ್ಣೆದುರು ಬರುತ್ತದೆ. ಹೊಸಬರಿಗೆ ನಾನು ಮೊದಲು ಇದನ್ನೇ ಕೊಡುವುದು, ಏಕೆಂದರೆ ಅರ್ಧ ಗಂಟೆಯಲ್ಲಿ ಅವರ ಮುಖ ಅರಳುತ್ತದೆ.

ಯಾವ ನೋಡ್ ಎಲ್ಲಿರಬೇಕೆಂದು ನಾವು ಹೇಳಿಲ್ಲವಲ್ಲ, ಹಾಗಾದರೆ ಅದನ್ನು ತೀರ್ಮಾನಿಸುವವರು ಯಾರು? ಲೈಬ್ರರಿಯೊಳಗೆ ಒಂದು ಪುಟ್ಟ ಭೌತಶಾಸ್ತ್ರವಿದೆ. ನೋಡ್‌ಗಳು ಒಂದನ್ನೊಂದು ದೂರ ತಳ್ಳುತ್ತವೆ, ಎಡ್ಜ್‌ಗಳು ಸ್ಪ್ರಿಂಗಿನಂತೆ ಹತ್ತಿರಕ್ಕೆ ಎಳೆಯುತ್ತವೆ. ತಳ್ಳಾಟ, ಎಳೆದಾಟ ಸಮವಾದಾಗ ನಕ್ಷೆ ನೆಲೆಗೊಳ್ಳುತ್ತದೆ. 1000 ನೋಡ್‌ಗಳಿದ್ದರೆ ಜೋಡಿಗಳ ಸಂಖ್ಯೆ 4,99,500. ಪ್ರತಿ ಹೆಜ್ಜೆಗೂ ಅಷ್ಟೂ ಜೋಡಿಗಳ ಬಲವನ್ನು ಲೆಕ್ಕ ಹಾಕುತ್ತ ಕುಳಿತರೆ ಬ್ರೌಸರ್ ಏದುಸಿರು ಬಿಡುತ್ತದೆ. ಆದ್ದರಿಂದ ಇಲ್ಲಿ ಬಾರ್ನ್ಸ್-ಹಟ್ ವಿಧಾನವಿದೆ. ದೂರದ ನೋಡ್‌ಗಳ ಗುಂಪನ್ನು ಒಂದೇ ಭಾರವಾದ ಬಿಂದುವೆಂದು ಎಣಿಸಿ ಲೆಕ್ಕವನ್ನು ಹಗುರಗೊಳಿಸುವ ಈ ಉಪಾಯವನ್ನು ಜೋಶ್ ಬಾರ್ನ್ಸ್ ಮತ್ತು ಪೀಟ್ ಹಟ್ ಎಂಬ ಖಗೋಳ ವಿಜ್ಞಾನಿಗಳು 1986ರಲ್ಲಿ ಪ್ರಕಟಿಸಿದರು. ನಕ್ಷತ್ರಗಳ ಸೆಳೆತವನ್ನು ಅಳೆಯಲು ಹುಟ್ಟಿದ ಲೆಕ್ಕ ನಮ್ಮ ಹೊಳೆಯ ಊರುಗಳನ್ನು ಪರದೆಯ ಮೇಲೆ ಹರಡಿ ಕೂರಿಸುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಈ ಆಟ ಶುರುವಾಗುವುದು ಯಾದೃಚ್ಛಿಕ, ಅಂದರೆ ಚೀಟಿ ಎತ್ತಿದಂತೆ ಸಿಕ್ಕ ಜಾಗಗಳಿಂದ. ಹಾಗಾಗಿ ಪ್ರತಿ ಬಾರಿಯೂ ಮುಕ್ತಾಯ ಬೇರೆ. ಸಂಬಂಧಗಳು ಬದಲಾಗಿಲ್ಲವಲ್ಲ, ಅದರಿಂದೇನು ಎಂದು ತಂತ್ರಜ್ಞರು ಕೇಳುತ್ತಾರೆ. ಓದುಗರ ಮನಸ್ಸು ಹಾಗೆ ಕೆಲಸ ಮಾಡುವುದಿಲ್ಲ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆಯೆಂದು ಕೈಗೆ ಗೊತ್ತಿರುವಂತೆ, ನಕ್ಷೆ ನೋಡಿದವರಿಗೆ “ಎಡಮೂಲೆಯ ಗುಂಪು”, “ಕೆಳಗಿನ ಒಂಟಿ ನೋಡ್” ಎಂಬ ನೆನಪು ಕೂರುತ್ತದೆ. ಮರುದಿನ ಎಲ್ಲವೂ ಜಾಗ ಬದಲಿಸಿದ್ದರೆ ಅವರು ಮೊದಲಿನಿಂದ ಕಲಿಯಬೇಕು. ಎರಡು ಬಾರಿ ಹೀಗಾದರೆ ಮೂರನೆಯ ಬಾರಿ ಅವರು ಆ ಪುಟವನ್ನು ತೆರೆಯುವುದೇ ಇಲ್ಲ.

ಆದ್ದರಿಂದ ನನ್ನ ಪದ್ಧತಿ ಹೀಗಿದೆ. ಭೌತಶಾಸ್ತ್ರವನ್ನು ಒಮ್ಮೆ ಮಾತ್ರ ಓಡಿಸುತ್ತೇನೆ. ನಕ್ಷೆ ನೆಲೆಗೊಂಡ ಸೂಚನೆ ಬಂದ ಕೂಡಲೇ ಫಿಸಿಕ್ಸ್ ಆಯ್ಕೆಯನ್ನು ಆಫ್ ಮಾಡುತ್ತೇನೆ. ಸ್ಟೋರ್‌ಪೊಸಿಷನ್ಸ್ ಎಂಬ ಆದೇಶ ಪ್ರತಿ ನೋಡಿನ ಜಾಗವನ್ನು ತಿಳಿಸುವ ಎಕ್ಸ್, ವೈ ಬೆಲೆಗಳನ್ನು ನೋಡ್‌ಗಳ ಪಟ್ಟಿಗೇ ಬರೆದುಕೊಡುತ್ತದೆ. ಕೈಯಿಂದ ಒಂದೆರಡು ನೋಡ್‌ಗಳನ್ನು ಸರಿಸಿ ಚಿತ್ರ ಒಪ್ಪವಾದ ಮೇಲೆ ಆ ಬೆಲೆಗಳನ್ನು ದತ್ತಾಂಶದ ಜೊತೆಗೇ ಉಳಿಸುತ್ತೇನೆ. ಮುಂದಿನ ಬಾರಿ ನಕ್ಷೆ ಅಲ್ಲಿಂದಲೇ ತೆರೆದುಕೊಳ್ಳುತ್ತದೆ. ಆರಂಭದ ಜಾಗಗಳನ್ನು ತೀರ್ಮಾನಿಸುವ ರ್‍ಯಾಂಡಮ್‌ಸೀಡ್ ಎಂಬ ಆಯ್ಕೆಗೆ ಒಂದು ಸಂಖ್ಯೆ ಕೊಟ್ಟರೂ ಅದೇ ಚಿತ್ರ ಮರಳಿ ಬರುತ್ತದೆ, ಆದರೆ ಒಂದು ಹೊಸ ನೋಡ್ ಸೇರಿದರೆ ಆ ಭರವಸೆ ಮುರಿಯುತ್ತದೆ.

ಹೊಸ ನೋಡ್ ಸೇರಿಸುವಾಗ ಹಳೆಯವನ್ನೆಲ್ಲ ಫಿಕ್ಸೆಡ್ (ಕದಲದವು) ಎಂದು ಗುರುತಿಸಿ, ಹೊಸದಕ್ಕಷ್ಟೇ ಚಲಿಸುವ ಸ್ವಾತಂತ್ರ್ಯ ಕೊಡಬೇಕು. ಮೂರನೆಯ ದಿನ ಅದೇ ಶಿಕ್ಷಕಿ ಪಶ್ಚಿಮಕ್ಕೆ ಹರಿಯುವ ನೇತ್ರಾವತಿಯನ್ನು ಸೇರಿಸಿದರು. ಉಪ್ಪಿನಂಗಡಿ ಬಂತು, ಅಲ್ಲಿಗೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಧಾರೆ ಬಂದಳು, ಬಂಟ್ವಾಳ, ಮಂಗಳೂರು ಬಂದವು. ಹೊಸ ಊರುಗಳು ಖಾಲಿ ಜಾಗ ಹುಡುಕಿಕೊಂಡು ನಿಂತವು. ಕೂಡಲಿ ಕದಲಲಿಲ್ಲ.

ಹೊಳೆಯ ವಿಷಯದಲ್ಲಿ ಇನ್ನೊಂದು ಮಾತಿದೆ. ಸ್ಪ್ರಿಂಗುಗಳಿಗೆ ದಿಕ್ಕು ತಿಳಿಯದು. ಗಂಗಾಮೂಲದಲ್ಲಿ ಕವಲಾಗಿ ಕೂಡಲಿಯಲ್ಲಿ ಸೇರುವ ದಾರಿಯನ್ನು ಅವು ಬಳೆಯಂತೆ ದುಂಡಗೆ ಬಿಡಿಸುತ್ತವೆ. ನೋಡಲು ಚೆನ್ನ, ಪಾಠಕ್ಕೆ ತಪ್ಪು. ಹರಿವು, ವಂಶಾವಳಿ, ಅನುಮತಿಯ ಹಂತಗಳು ಮೊದಲಾದವಕ್ಕೆ ನೋಡ್‌ಗಳನ್ನು ಹಂತ ಹಂತವಾಗಿ ಜೋಡಿಸುವ ಹೈರಾರ್ಕಿಕಲ್ ವಿನ್ಯಾಸ ಬೇಕು. ಅದರಲ್ಲಿಯೂ ಎಚ್ಚರ: ಹಂತಗಳನ್ನು ವಿಂಗಡಿಸುವಾಗ ಅದು ತಾನಾಗಿ ನೋಡುವುದು ಯಾವ ನೋಡಿಗೆ ಹೆಚ್ಚು ಎಡ್ಜ್‌ಗಳಿವೆ ಎಂಬುದನ್ನು, ಬಾಣದ ದಿಕ್ಕನ್ನಲ್ಲ. ದಿಕ್ಕನ್ನು ಅನುಸರಿಸಲು ಡೈರೆಕ್ಟೆಡ್ ಎಂದು ನಾವೇ ಹೇಳಬೇಕು, ಇಲ್ಲವೇ ಪ್ರತಿ ಊರಿಗೂ ಹಂತದ ಸಂಖ್ಯೆ ಕೊಡಬೇಕು.

ನೋಡ್‌ಗಳ ಮೇಲೆ ಬರೆಯುವ ಕನ್ನಡ ಹೆಸರುಗಳ ಬಗ್ಗೆ ಯಾವ ಕೈಪಿಡಿಯೂ ನನಗೆ ಕಲಿಸಲಿಲ್ಲ. ಉದ್ದದ ಹೆಸರು ಜಾಗಕ್ಕೆ ಹಿಡಿಯದಿದ್ದಾಗ ಇಂತಿಷ್ಟು ಅಕ್ಷರಕ್ಕೆ ಕತ್ತರಿಸುವುದು ರೂಢಿ. “ವಿಶ್ವವಿದ್ಯಾಲಯ” ನಮ್ಮ ಕಣ್ಣಿಗೆ ಆರು ಅಕ್ಷರ, ಕಂಪ್ಯೂಟರಿಗೆ ಹದಿಮೂರು ಸಂಕೇತ. ಒಂಬತ್ತಕ್ಕೆ ಕತ್ತರಿಸಿದರೆ “ವಿಶ್ವವಿದ್” ಎಂದು ಅರ್ಧಕ್ಕೆ ನಿಂತ ಪದ ಉಳಿಯುತ್ತದೆ. ನಾನು ಪದಗಳ ನಡುವಿನ ತೆರವಿನಲ್ಲಿ ಮಾತ್ರ ಕತ್ತರಿಸುತ್ತೇನೆ, ಅಥವಾ ಚಿಕ್ಕ ಹೆಸರನ್ನು ಕೈಯಾರೆ ಬರೆದು ಪೂರ್ಣ ಹೆಸರನ್ನು ಮೌಸ್ ಇಟ್ಟಾಗ ಕಾಣುವಂತೆ ಮಾಡುತ್ತೇನೆ. ಫಾಂಟಿನದು ಇನ್ನೊಂದು ಕಥೆ. ಈ ಲೈಬ್ರರಿ ಅಕ್ಷರಗಳನ್ನು ಕ್ಯಾನ್ವಾಸ್ ಮೇಲೆ ಚಿತ್ರವಾಗಿ ಬಿಡಿಸುತ್ತದೆ. ನೋಟೊ ಸ್ಯಾನ್ಸ್ ಕನ್ನಡದಂತಹ ವೆಬ್ ಫಾಂಟ್ ಬಂದಿಳಿಯುವ ಮೊದಲೇ ನಕ್ಷೆ ಕಟ್ಟಿದರೆ, ಬೇರೆ ಫಾಂಟಿನ ಅಳತೆಗೆ ಪೆಟ್ಟಿಗೆಗಳು ಸಿದ್ಧವಾಗಿ ಒತ್ತಕ್ಷರಗಳು ಅಂಚಿಗೆ ತಾಗಬಹುದು. ಫಾಂಟ್ ಬಂದ ಮೇಲೆಯೇ ನಕ್ಷೆ ಕಟ್ಟಿ.

ನೋಡ್‌ಗಳು ಹತ್ತಾರು ಸಾವಿರವಾದರೆ ಸಿಗ್ಮಾ.ಜೆಎಸ್ ಎಂಬ ಲೈಬ್ರರಿ ನೋಡಿ, ಅದು ಬ್ರೌಸರಿನ ವೆಬ್‌ಜಿಎಲ್ ಸೌಲಭ್ಯದ ಮೂಲಕ ಗ್ರಾಫಿಕ್ಸ್ ಚಿಪ್ಪಿನ ಬಲವನ್ನು ಬಳಸಿಕೊಳ್ಳುತ್ತದೆ. ಅತಿ ಸಮೀಪದ ದಾರಿ, ಕೇಂದ್ರೀಯತೆ (ಜಾಲದಲ್ಲಿ ಒಂದು ನೋಡ್ ಎಷ್ಟು ಮುಖ್ಯ ಎಂಬ ಅಳತೆ) ಮುಂತಾದ ವಿಶ್ಲೇಷಣೆ ಬೇಕಾದವರಿಗೆ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಬೆಳೆದ ಸೈಟೋಸ್ಕೇಪ್.ಜೆಎಸ್ ಒಳ್ಳೆಯದು. ಆದರೆ ಅಷ್ಟು ಸಾವಿರ ನೋಡ್‌ಗಳನ್ನು ಒಂದೇ ಪರದೆಯಲ್ಲಿ ಯಾರು ಓದುತ್ತಾರೆ ಎಂದು ಮೊದಲು ಕೇಳಿಕೊಳ್ಳಿ.

ಕ್ಯಾನ್ವಾಸ್ ಚಿತ್ರವಾದ್ದರಿಂದ ಬ್ರೌಸರಿನ ಹುಡುಕಾಟಕ್ಕೆ ಊರಿನ ಹೆಸರು ಸಿಗುವುದಿಲ್ಲ, ದೃಷ್ಟಿ ಇಲ್ಲದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಓದಲು ಏನೂ ಸಿಗುವುದಿಲ್ಲ. ಮೊದಲನೆಯದಕ್ಕೆ ಹುಡುಕುವ ಪೆಟ್ಟಿಗೆಯೊಂದನ್ನಿಟ್ಟು, ಫೋಕಸ್ ಆದೇಶದಿಂದ ಆ ನೋಡಿನ ಬಳಿಗೆ ಕರೆದೊಯ್ಯಬಹುದು. ಎರಡನೆಯದಕ್ಕಾಗಿ ತರಬೇತಿಯ ಪುಟದಲ್ಲಿ ನಕ್ಷೆಯ ಕೆಳಗೆ ಒಂದು ಸಾದಾ ಕೋಷ್ಟಕವಿದೆ: ಶಿವಮೊಗ್ಗದಿಂದ ಕೂಡಲಿಗೆ, ತುಂಗೆ; ಭದ್ರಾವತಿಯಿಂದ ಕೂಡಲಿಗೆ, ಭದ್ರೆ; ಕೂಡಲಿಯಿಂದ ಹೊನ್ನಾಳಿಗೆ, ತುಂಗಭದ್ರೆ.