ಇಲಿ ಕಾಟ: ಗುರುತು ಹಿಡಿಯುವುದು, ತಡೆಯುವುದು (ಅಧ್ಯಯನ ಟಿಪ್ಪಣಿ)

ಆರೋಗ್ಯ ನಿರೀಕ್ಷಕರ ಕೋರ್ಸ್ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಇಲಿ ಧಾನ್ಯ ಹಾಳು ಮಾಡುತ್ತದೆ, ರೋಗ ತರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ನನ್ನನ್ನು ತುಂಬ ಹೊತ್ತು ನಿಲ್ಲಿಸಿದ್ದು ಎರಡು ಜಾಗ: ಬಿಲದಲ್ಲಿ ಈಗ ಇಲಿ ಇದೆಯೋ ಇಲ್ಲವೋ ಎಂದು ತಿಳಿಯುವುದು, ಮತ್ತು ಇಲಿ ವಿಷ ಮುಟ್ಟದೇ ಇರುವುದಕ್ಕೆ ಕಾರಣ.

ಬಂದಿರುವುದು ಯಾವುದು?

ನಮ್ಮ ಕಡೆ ಮನೆಗೆ ಬರುವುದು ಮುಖ್ಯವಾಗಿ ಮೂರು. ಅಟ್ಟದಲ್ಲಿ, ಹಂಚಿನ ಸಂದಿಯಲ್ಲಿ ರಾತ್ರಿ ಓಡಾಡುವುದು ಮನೆ ಇಲಿ. ಚೆನ್ನಾಗಿ ಹತ್ತುತ್ತದೆ, ಬಾಲ ಮೈಗಿಂತ ಉದ್ದ. ತೆಂಗಿನ ಮರದಲ್ಲಿ ಎಳನೀರು ಕೊರೆದು ಬೀಳಿಸುವುದೂ ಇದೇ. ಬೀರು, ಪುಸ್ತಕದ ಕಪಾಟು, ಫ್ರಿಜ್ ಹಿಂದೆ ಸಿಗುವುದು ಸುಂಡಿಲಿ, ಬಹಳ ಚಿಕ್ಕದು. ಕಾಂಪೌಂಡ್, ಚರಂಡಿ, ಕೊಟ್ಟಿಗೆಯ ಪಕ್ಕ ನೆಲ ತೋಡುವುದು ಹೆಗ್ಗಣ.

ಹಿಕ್ಕೆ ನೋಡಿದರೆ ಅರ್ಧ ಕೆಲಸ ಆಯಿತು. ಸುಂಡಿಲಿಯದು 3ರಿಂದ 6 ಮಿ.ಮೀ., ತುದಿ ಚೂಪು. ಮನೆ ಇಲಿಯದು ಸುಮಾರು 12 ಮಿ.ಮೀ., ಎರಡೂ ತುದಿ ಚೂಪು. ಹೊಸ ಹಿಕ್ಕೆ ಕಪ್ಪಗೆ, ಮೆತ್ತಗೆ, ಹೊಳೆಯುತ್ತಿರುತ್ತದೆ. ಹಳೆಯದು ಬೂದು ಬಣ್ಣಕ್ಕೆ ತಿರುಗಿ ಒತ್ತಿದರೆ ಪುಡಿಯಾಗುತ್ತದೆ. ಕೈಗವಸು ಹಾಕಿ, ಕಡ್ಡಿಯಿಂದ ಒತ್ತಿ ನೋಡಿ. ಗೋಡೆಯ ಬುಡದಲ್ಲಿ ಒಂದೇ ಎತ್ತರಕ್ಕೆ ಎಣ್ಣೆಜಿಡ್ಡಿನ ಕಪ್ಪು ಪಟ್ಟೆ ಕಂಡರೆ ಅದು ಇಲಿಯ ದಿನದ ದಾರಿ. ಮೈಯ ಜಿಡ್ಡು ಉಜ್ಜಿ ಉಜ್ಜಿ ಆ ಪಟ್ಟೆ ಆಗುತ್ತದೆ.

ಮೂಗಿಲಿಯನ್ನು ದಯವಿಟ್ಟು ಈ ಪಟ್ಟಿಗೆ ಸೇರಿಸಬೇಡಿ. ಉದ್ದ ಮೂತಿ, ಕೆಟ್ಟ ವಾಸನೆ, ಗೋಡೆಯಂಚಿಗೆ ಚಿಕ್ ಚಿಕ್ ಅಂತ ಓಡುತ್ತದಲ್ಲ, ಅದು ಇಲಿ ಜಾತಿಯೇ ಅಲ್ಲ. ಜಿರಲೆ, ಹುಳು ತಿನ್ನುತ್ತದೆ. ಅದನ್ನು ಕೊಂದರೆ ನಮಗೇ ನಷ್ಟ.

ಬಿಲದಲ್ಲಿ ಇಲಿ ಇದೆಯೋ, ಖಾಲಿಯೋ?

ಇದನ್ನು ನಿಧಾನವಾಗಿ ಓದಿ. ಪುಸ್ತಕದ ಸೂತ್ರ ಸುಲಭ: ಸಂಜೆ ಎಲ್ಲ ಬಿಲಗಳ ಬಾಯಿಗೆ ಮಣ್ಣು ತುಂಬಿ ಮುಚ್ಚಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಇಲಿ ಇದೆ. ಬೋನಾಗಲಿ ವಿಷವಾಗಲಿ ಅದಕ್ಕೆ ಮಾತ್ರ. ಉಳಿದದ್ದಕ್ಕೆ ಹಾಕಿದ್ದೆಲ್ಲ ದಂಡ.

ಆದರೆ ಹೆಗ್ಗಣದ ವಿಷಯದಲ್ಲಿ ಇಷ್ಟು ಸಾಲದು. ಹೆಗ್ಗಣ ಒಳಗೆ ಇರುವಾಗ ತಾನೇ ಒಳಗಿನಿಂದ ಮಣ್ಣು ತಳ್ಳಿ ಬಾಯಿ ಮುಚ್ಚಿಕೊಳ್ಳುತ್ತದೆ. ಹೊರಗೆ ಸಡಿಲ ಮಣ್ಣಿನ ಗುಡ್ಡೆ ಮಾತ್ರ ಕಾಣುತ್ತದೆ, ತೂತು ಕಾಣುವುದೇ ಇಲ್ಲ. ಅಂದರೆ ತೆರೆದ ಬಿಲ ಎಷ್ಟೋ ಸಲ ಬಿಟ್ಟುಹೋದ ಹಳೆಯದು, ಮುಚ್ಚಿದ ಗುಡ್ಡೆಯೇ ಈಗಿನದು! ಸೂತ್ರವನ್ನು ಕಣ್ಣುಮುಚ್ಚಿ ಅನುಸರಿಸಿದರೆ ಲೆಕ್ಕ ತಿರುಗಾಮುರುಗಾ ಆಗುತ್ತದೆ.

ಅದಕ್ಕೆ ಎರಡೂ ಮಾಡಬೇಕು. ತೆರೆದ ಬಾಯಿಗಳನ್ನು ಮುಚ್ಚಿ. ಗುಡ್ಡೆಗಳನ್ನು ಕಾಲಿನಿಂದ ತುಳಿದು ಸಮ ಮಾಡಿ. ಬೆಳಿಗ್ಗೆ ತೆರೆದ ಬಾಯಿ ಕಂಡರೂ ಇಲಿ ಇದೆ, ಸಮ ಮಾಡಿದ ಜಾಗದಲ್ಲಿ ಹೊಸ ಹಸಿ ಮಣ್ಣು ಎದ್ದಿದ್ದರೂ ಇದೆ. ನಾವು ಹುಡುಕುವುದು ತೂತನ್ನಲ್ಲ, ರಾತ್ರಿ ನಡೆದ ಬದಲಾವಣೆಯನ್ನು. ಇದು ಹೊಳೆದ ಮೇಲೆ ಮನೆಯೊಳಗಿನದೂ ತಾನೇ ಅರ್ಥವಾಯಿತು. ಅಟ್ಟದ ಸಂದಿಗೆ ಕಾಗದದ ಉಂಡೆ ಸುಮ್ನೆ ಸಡಿಲವಾಗಿ ತುರುಕಿ, ಬೆಳಿಗ್ಗೆ ಅದು ಹೊರಗೆ ಬಿದ್ದಿದೆಯಾ ನೋಡಿ. ಒಲೆಯ ಹಿಂದೆ ರಂಗೋಲಿ ಪುಡಿ ತೆಳುವಾಗಿ ಹರಡಿ, ಹೆಜ್ಜೆ ಮೂಡಿದೆಯಾ ನೋಡಿ. ಹಿಕ್ಕೆ ಎಲ್ಲ ತೆಗೆದು, ಮಾರನೆಯ ದಿನ ಹೊಸದು ಬಿದ್ದಿದೆಯಾ ನೋಡಿ. ಎಲ್ಲವೂ ಒಂದೇ ಪರೀಕ್ಷೆ.

ಎರಡು ಭಯಗಳು

ಇಲ್ಲಿ ಎರಡು ವಿಷಯ ಕಲಸಿಹೋಗುತ್ತವೆ, ಹುಷಾರು. ಒಂದು ಹೊಸದರ ಭಯ. ನಿನ್ನೆ ಇಲ್ಲದ ಬೋನು ಇವತ್ತು ದಾರಿಯಲ್ಲಿದ್ದರೆ ಇಲಿ ಸುತ್ತಿ ಹೋಗುತ್ತದೆ. ಇದು ತಿನ್ನುವ ಮೊದಲಿನ ಭಯ. ಇನ್ನೊಂದು ತಿಂದದ್ದರ ಭಯ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಹಾಗಾಗಿ ಹೊಸ ತಿಂಡಿಯನ್ನು ಮೊದಲು ಚೂರೇ ಚೂರು ತಿಂದು ನೋಡುತ್ತದೆ. ಹೊಟ್ಟೆ ಕೆಟ್ಟು ಬದುಕಿಕೊಂಡರೆ ಆ ತಿಂಡಿಯನ್ನು ಮತ್ತೆ ಮುಟ್ಟುವುದಿಲ್ಲ.

ಈಗ ವಿಷಕ್ಕೆ ಬನ್ನಿ. ಸತುವಿನ ಫಾಸ್ಫೈಡ್ ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುತ್ತದೆ. ಹೊಟ್ಟೆಯ ಆಮ್ಲ ತಗುಲಿದರೆ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಬೇಗ ಸಂಕಟ ಆಗುವುದರಿಂದ ಇಲಿಗೆ ತಿಂಡಿಗೂ ನೋವಿಗೂ ಇರುವ ನಂಟು ಗೊತ್ತಾಗುತ್ತದೆ. ಅದಕ್ಕೇ ಮೊದಲ ಎರಡು ಮೂರು ದಿನ ವಿಷವಿಲ್ಲದ ಅದೇ ತಿಂಡಿ ಇಡುವುದು. ಬಾಯಿಗೆ ರುಚಿ ಹತ್ತಿದ ಮೇಲೆ ವಿಷದ ದಿನ ಹೊಟ್ಟೆ ತುಂಬ ತಿನ್ನುತ್ತದೆ. ಬ್ರೊಮಾಡಯೋಲೋನ್ ಹಾಗಲ್ಲ. ವಿಟಮಿನ್ ಕೆ ಮರುಬಳಕೆಯನ್ನು ತಡೆದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಇಲಿ ಸಾಯುವುದು ಹಲವು ದಿನಗಳ ಮೇಲೆ. ಅಷ್ಟು ದಿನದ ಹಿಂದೆ ತಿಂದದ್ದು ಕಾರಣ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಬರೀ ತಿಂಡಿ ಇಡುವ ಅಗತ್ಯ ಇಲ್ಲ.

ಆದರೆ ಹೊಸದರ ಭಯ ಎರಡರಲ್ಲೂ ಇದೆ, ಬೋನಿನಲ್ಲಂತೂ ಜಾಸ್ತಿ. ಬೋನನ್ನು ಗೋಡೆಗೆ ತಾಗಿಸಿ, ಬಾಗಿಲು ಬೀಳದಂತೆ ಕಟ್ಟಿ, ಸುಟ್ಟ ಕೊಬ್ಬರಿಯನ್ನೋ ವಡೆ ಚೂರನ್ನೋ ಇಟ್ಟು ಕೆಲವು ರಾತ್ರಿ ಹಾಗೇ ಬಿಡಿ. ಕೊಬ್ಬರಿ ಖಾಲಿಯಾಗತೊಡಗಿದ ಮೇಲೆ ಬೋನು ಹೂಡಿ. ಸುಂಡಿಲಿಗೆ ಈ ಭಯ ಕಡಿಮೆ, ಅದಕ್ಕೆ ಇಷ್ಟು ತಾಳ್ಮೆ ಬೇಡ.

ನನ್ನ ಅಭಿಪ್ರಾಯ: ಮನೆಯೊಳಗೆ ಬೋನು ಮಾತ್ರ, ವಿಷ ಹೊರಗಿನ ಬಿಲಕ್ಕೆ ಮಾತ್ರ. ಅಟ್ಟದಲ್ಲಿ ವಿಷ ಹಾಕಿದರೆ ಕೈಗೆ ಸಿಗದ ಸಂದಿಯಲ್ಲಿ ಸತ್ತು ನಾರುತ್ತದೆ.

ತಡೆಯುವುದು

6 ಮಿ.ಮೀ. ಸಂದಿ ಇದ್ದರೆ ಸುಂಡಿಲಿ ನುಗ್ಗುತ್ತದೆ. ಪೆನ್ಸಿಲ್ ತೂರಿದರೆ ಅದೂ ತೂರುತ್ತದೆ ಅಂತ ನೆನಪಿಡಿ. ತೂತಿಗೆ ಬಟ್ಟೆ, ಥರ್ಮಾಕೋಲ್ ತುರುಕಿ ಉಪಯೋಗವಿಲ್ಲ. ಇಲಿಯ ಮುಂದಿನ ಹಲ್ಲು ಬೆಳೆಯುತ್ತಲೇ ಇರುತ್ತದೆ, ಕಡಿಯುತ್ತಲೇ ಇರುತ್ತದೆ. ಗಾಜಿನ ಚೂರು ಬೆರೆಸಿದ ಸಿಮೆಂಟ್ ಹಾಕಿ. ಬಚ್ಚಲ ಕಿಂಡಿಗೆ ಕಬ್ಬಿಣದ ಜಾಲರಿ, ಬಾಗಿಲ ಅಡಿಗೆ ತಗಡು. ಒಳಗಿರುವುದನ್ನು ಹಿಡಿದ ಮೇಲೆಯೇ ಕೊನೆಯ ತೂತು ಮುಚ್ಚಿ. ಸೂರಿಗೆ ತಾಗುವ ಕೊಂಬೆ ಕಡಿಯಿರಿ. ರಾಗಿ ಮೂಟೆಯನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ. ನಾಯಿ ತಿಂದು ಬಿಟ್ಟ ಅನ್ನ ರಾತ್ರಿ ಹೊರಗೆ ಉಳಿಯಬಾರದು. ಮೂರು ವಾರದ ಗರ್ಭ, ಒಂದು ಸೂಲಿಗೆ ಹಲವು ಮರಿ. ತಿಂಡಿ ಸಿಗುತ್ತಿದ್ದರೆ ನೀವು ಹಿಡಿದಷ್ಟೂ ಮತ್ತೆ ತುಂಬಿಕೊಳ್ಳುತ್ತದೆ.

ಸ್ವಚ್ಛ ಮಾಡುವಾಗ

ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸಬೇಡಿ. 1 ಪಾಲು ಬ್ಲೀಚ್ ದ್ರಾವಣಕ್ಕೆ 9 ಪಾಲು ನೀರು ಸೇರಿಸಿ ಚಿಮುಕಿಸಿ, 5 ನಿಮಿಷ ನೆನೆಯಲು ಬಿಟ್ಟು ಒರೆಸಿ. ಸತ್ತ ಇಲಿಯನ್ನು ಬರಿಗೈಲಿ ಎತ್ತಬೇಡಿ. ಮೈ ತಣ್ಣಗಾದಂತೆ ಚಿಗಟಗಳು ಅದನ್ನು ಬಿಟ್ಟು ಬೇರೆ ಮೈ ಹುಡುಕುತ್ತವೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಹಬ್ಬುತ್ತಿದ್ದುದೂ ಹೀಗೆಯೇ. ಮಳೆಗಾಲದಲ್ಲಿ ಕಾಲಿಗೆ ಗಾಯ ಇದ್ದರೆ ಚರಂಡಿ ನೀರಿಗೆ ಇಳಿಯಬೇಡಿ. ಇಲಿ ಜ್ವರದ ರೋಗಾಣು ಇಲಿಯ ಮೂತ್ರದಿಂದ ನೀರಿಗೆ ಸೇರಿ, ಗಾಯದ ಮೂಲಕ ಒಳಗೆ ಹೋಗುತ್ತದೆ.

ಕೊನೆಗೆ, ಮಗು ಬ್ರೊಮಾಡಯೋಲೋನ್ ಕೇಕ್ ಕಚ್ಚಿದ್ದು ಕಂಡರೆ, ಈಗ ಚೆನ್ನಾಗಿಯೇ ಇದೆಯಲ್ಲ ಅಂತ ಕಾಯಬೇಡಿ. ಲಕ್ಷಣ ದಿನಗಟ್ಟಲೆ ತಡವಾಗಿ ಬರುವುದೇ ಅದರ ಸ್ವಭಾವ ಅಲ್ವಾ. ಪೊಟ್ಟಣದ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ. ಇದಕ್ಕೆ ವಿಟಮಿನ್ ಕೆ1 ಮದ್ದು ಇದೆ. ಸತುವಿನ ಫಾಸ್ಫೈಡ್‌ಗೆ ಅಂಥ ಮದ್ದಿಲ್ಲ. ಅದನ್ನು ಮಕ್ಕಳಿರುವ ಮನೆಗೆ ತರಲೇಬೇಡಿ.